ಹನ್ನೊಂದೂಕಾಲರ ಮಾತು

ಜೂನ್ 3, ಸೋಮವಾರ. ಬೆಳಿಗ್ಗೆ 6.40

ಮೂರನೇ ಕರಡೂ ಸರಿಹೋಗಲಿಲ್ಲ. ಓದು, ಲೆಕ್ಕ, ಬರವಣಿಗೆ, ಚಿತ್ರ, ಪರಿಸರ, ಆಟ… ಎಲ್ಲ ಹಾಕಿ ಮುಗಿಸಿದ ಮೇಲೆ ನೋಡಿದರೆ ಸ್ನಾನಕ್ಕೇ ಜಾಗವಿಲ್ಲ. ಹೆಂಡತಿ ಆಸ್ಪತ್ರೆಗೆ ಹೊರಟವಳು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಬಗ್ಗಿ ನೋಡಿದಳು.

"ಮಗು ಉಸಿರಾಡೋದು ಯಾವಾಗ ರೀ? ಅದಕ್ಕೂ ಒಂದು ಬಾಕ್ಸ್ ಹಾಕ್ಬಿಡಿ."

ನಗು ಬರಲಿಲ್ಲ. ವರ್ಷಗಳಿಂದ ಡಿಪೋದಲ್ಲಿ ಬಸ್ಸುಗಳಿಗೆ ಟೈಮ್ ಟೇಬಲ್ ಹಾಕುತ್ತಿರುವವನು ನಾನು. ಊರಿನ ಅರ್ಧ ಜನ ನನ್ನ ಚಾರ್ಟ್ ನಂಬಿ ಮನೆಯಿಂದ ಹೊರಡುತ್ತಾರೆ. ಆರು ವರ್ಷದ ಹುಡುಗಿಯ ಒಂದು ಬೆಳಗನ್ನು ಹೊಂದಿಸಲಾಗುತ್ತಿಲ್ಲ.

ಹೊಂದಿಸಲೇಬೇಕು. ಜುಲೈ ಹದಿನಾರಕ್ಕೆ ಶಿಕ್ಷಣ ಕಚೇರಿಯ ಮೇಡಂ ಮನೆಗೆ ಬರುತ್ತಾರೆ. ಪಾಠದ ಪಟ್ಟಿ ನೋಡುತ್ತಾರಂತೆ. ಮಗು ಗಟ್ಟಿಯಾಗಿ ಓದುವುದನ್ನು ಕಿವಿಯಾರೆ ಕೇಳುತ್ತಾರಂತೆ. ಕೇಳಿಸಿದರೆ ಮನೆಯಲ್ಲೇ ಕಲಿಸಬಹುದು. ಇಲ್ಲದಿದ್ದರೆ ಮಾತು ಬಾರದ ಮಕ್ಕಳ ಶಾಲೆ. ಊರಾಚೆ, ಹಾಸ್ಟೆಲ್ಲು.

ಮಾತು ಬಾರದ ಮಗುವಂತೆ! ಮನೆಯಲ್ಲಿ ನಾವು ಕರೆಯುವುದೇ ಚಿನಕುರಳಿ ಅಂತ. ಹಲ್ಲುಜ್ಜುವಾಗಲೂ ಬಾಯಿ ನಿಲ್ಲುವುದಿಲ್ಲ, ನೊರೆಯ ಸಮೇತ ಮಾತು. ಶಾಲೆಯ ಗೇಟು ದಾಟಿದರೆ ಮಾತ್ರ ಬಾಯಿಗೆ ಬೀಗ. ಒಂದು ವರ್ಷ ಪೂರ್ತಿ ಅಲ್ಲಿ ಒಂದಕ್ಷರ ಆಡಲಿಲ್ಲ. ಬಚ್ಚಲಿಗೆ ಹೋಗಬೇಕು ಅಂತಲೂ ಹೇಳದೆ, ಎಷ್ಟೋ ದಿನ ಒದ್ದೆಯಾಗಿ ಬಂದಳು. ಡಾಕ್ಟರ್ ಹೇಳಿದರು: "ಹೆದರಿಕೆ ಇರೋ ಕಡೆ ಕೆಲವು ಮಕ್ಕಳಿಗೆ ದನಿ ಬರಲ್ಲ. ಹಠ ಅಂದ್ಕೋಬೇಡಿ. ಬಲವಂತ ಅಂತೂ ಬೇಡ್ವೇ ಬೇಡ."

ಅದಕ್ಕೇ ಬಿಡಿಸಿದೆವು. ಮನೆಯಲ್ಲಿ ಮಾತಾಡುತ್ತಾಳಲ್ಲ, ಮನೆಯಲ್ಲೇ ಕಲಿಯಲಿ. ಹೇಳುವಾಗ ಎಷ್ಟು ಸುಲಭ.

ನಾಲ್ಕನೇ ಕರಡು. ಸ್ನಾನ ಮೊದಲು.

ಜೂನ್ 5, ಬುಧವಾರ. ಮಧ್ಯಾಹ್ನ 12.50

ಮೊದಲ ಟ್ರಿಪ್ಪೇ ಲೇಟು.

ಒಂಬತ್ತಕ್ಕೆ ಸರಿಯಾಗಿ ಊಟದ ಮೇಜಿನ ಮೇಲೆ ಪುಸ್ತಕ, ಗುಂಡಿಗಳ ಡಬ್ಬಿ, ಪೆನ್ಸಿಲ್. ಗೋಡೆಗೆ ಚಾರ್ಟ್, ಬಣ್ಣ ಹಾಕಿದ್ದು. ಭಾನುವಾರದ ಸಾಲಿನಲ್ಲಿ ದಪ್ಪಕ್ಷರದಲ್ಲಿ ರಜೆ. ಇಷ್ಟರವರೆಗೆ ಎಲ್ಲ ಸುಸೂತ್ರ.

"ಅಪ್ಪ, ಸೊನ್ನೆಗೆ ಬರೀ ಹೊಟ್ಟೆ ಇದೆ. ಕೈಕಾಲು ಯಾಕಿಲ್ಲ?"

ಏನೋ ಹೇಳಿದೆ. ಆಮೇಲೆ ಇರುವೆ ಆಕಳಿಸುತ್ತದಾ. ಆಮೇಲೆ ಬಸ್ಸಿಗೆ ರಾತ್ರಿ ಡಿಪೋದಲ್ಲಿ ಭಯ ಆಗಲ್ವಾ. ಆಮೇಲೆ ನೀಲಿ ಗುಂಡಿಗೂ ಕೆಂಪು ಗುಂಡಿಗೂ ಜಗಳ, ಯಾರ ಪಕ್ಕ ಯಾರು ಕೂರಬೇಕು ಅನ್ನುವುದಕ್ಕೆ. ಎಂಟರವರೆಗೆ ಎಣಿಸುವಷ್ಟರಲ್ಲಿ ಲೆಕ್ಕದ ಹೊತ್ತು ಮುಗಿದೇ ಹೋಯಿತು. ಒಂದು ತಡವಾದರೆ ಹಿಂದಿನದೆಲ್ಲ ತಡ. ಬರವಣಿಗೆ ಅರ್ಧಕ್ಕೆ ನಿಂತಿತು. ಪರಿಸರ ರದ್ದು.

ಮೇಡಂ ಬಂದಾಗ ಹೀಗಾದರೆ? ಇವರ ಮನೆಯಲ್ಲಿ ಪಾಠ ನಡೆಯುವುದೇ ಇಲ್ಲ ಅಂದುಬಿಟ್ಟರೆ?

ಹೆಂಡತಿ ಮೆಟ್ಟಿಲು ಹತ್ತುವ ಸದ್ದು. ಅವಳು ಬಂದರೆ ನಾನು ಹೊರಡುವುದು, ನಮ್ಮ ಸಂಸಾರ ಹೀಗೇ. ಬೀಗದ ಕೈ, ಮಗು, ಎರಡನ್ನೂ ಬಾಗಿಲಲ್ಲಿ ಕೈಗೆ ಕೊಟ್ಟು ಇಳಿಯುತ್ತೇನೆ. ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಚಿನಕುರಳಿ ಮಲಗಿರುತ್ತಾಳೆ.

ಜೂನ್ 10, ಸೋಮವಾರ. ಡಿಪೋ, ಟೀ ಹೊತ್ತು

ಹೊಳೆಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ!

ಒಂದು ರೂಟಿನಲ್ಲಿ ಯಾವಾಗಲೂ ಒಂದೇ ಸ್ಟಾಪಿನಲ್ಲಿ ತಡವಾದರೆ ಡ್ರೈವರನ್ನು ಬೈದು ಪ್ರಯೋಜನವಿಲ್ಲ. ಆ ಸ್ಟಾಪಿಗೆ ಹೊತ್ತು ಹೆಚ್ಚು ಕೊಡಬೇಕು, ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ. ಮಾತಿಗೂ ಅದರದೇ ಜಾಗ ಕೊಟ್ಟರಾಯಿತು. ಹನ್ನೊಂದೂಕಾಲರಿಂದ ಹನ್ನೊಂದೂವರೆ. ಹಸಿರು ಬಣ್ಣ. ಮೇಲೆ 'ಮಾತು' ಅಂತ ಬರೆದೆ. ಮೇಡಂ ಮುಂದೆ ಮಾತಾಡಲೂ ರೂಢಿಯಾಗುತ್ತದೆ. ಒಂದೇ ಏಟಿಗೆ ಎರಡು ಕೆಲಸ.

ಪಕ್ಕದ ಮೇಜಿನ ಕಂಟ್ರೋಲರಿಗೆ ಹೇಳಿದೆ. ಗೊಳ್ಳನೆ ನಕ್ಕರು.

"ನಮ್ಮ ಮನೆಯವ್ರಿಗೂ ಒಂದು ಹಸಿರು ಬಾಕ್ಸ್ ಹಾಕ್ಕೊಡಿ ಸಾರ್. ಕಾಲು ಗಂಟೆ ಸಾಕು. ಕೈ ಮುಗೀತೀನಿ."

ಜೂನ್ 14, ಶುಕ್ರವಾರ. ಮಧ್ಯಾಹ್ನ 12.30

ಹೂವೆತ್ತಿದ ಹಾಗೆ ನಡೆಯುತ್ತಿದೆ.

ಮೊದಲೆರಡು ದಿನ ಅಷ್ಟಿಷ್ಟು ನೆನಪಿಸಬೇಕಾಯಿತು. ಲೆಕ್ಕದ ನಡುವೆ ಬಾಯಿ ತೆರೆಯುತ್ತಿದ್ದಂತೆ, "ಅದನ್ನ ಹನ್ನೊಂದೂಕಾಲಿಗೆ ಇಟ್ಕೋ ಕಂದಾ" ಅಂದೆ. ನಗುತ್ತಲೇ ಅಂದೆ. ಗದರಲಿಲ್ಲ. ಬಾಯಿ ಮುಚ್ಚಿ, ಕೆನ್ನೆ ಉಬ್ಬಿಸಿ, ಮಾತನ್ನು ಬಾಯೊಳಗೇ ಇಟ್ಟುಕೊಂಡ ಹಾಗೆ ಮಾಡಿದಳು. ನಕ್ಕುನಕ್ಕು ಸಾಕಾಯಿತು.

ಹಸಿರು ಹೊತ್ತು ಬಂದರೆ ಅಣೆಕಟ್ಟು ಒಡೆದ ಹಾಗೆ. ನಿಂತು ಮಾತಾಡುತ್ತಾಳೆ, ಕುರ್ಚಿ ಹತ್ತಿ ಮಾತಾಡುತ್ತಾಳೆ. ಅರ್ಧ ಪುಟ ಗಟ್ಟಿಯಾಗಿ ಓದಿದಳು ಇವತ್ತು! ಗಡಿಯಾರ ನೋಡಲೂ ಕಲಿತುಬಿಟ್ಟಿದ್ದಾಳೆ, ನಾನು ಕಲಿಸುವ ಮೊದಲೇ. ದೊಡ್ಡ ಮುಳ್ಳು ಮೂರರ ಹತ್ತಿರ ಬರುತ್ತಿದ್ದರೆ ಕೂತಲ್ಲೇ ಕುಣಿಯುತ್ತಾಳೆ.

ಇಷ್ಟು ಸಲೀಸಾಗಿ ನಡೆಯುವುದು ನೋಡಿದರೇ ಪುಕುಪುಕು. ಅದು ನನ್ನ ಜಾಯಮಾನ. ಬಸ್ಸೆಲ್ಲ ಸಮಯಕ್ಕೆ ಸರಿಯಾಗಿ ಬಂದ ದಿನವೂ ಎಲ್ಲೋ ಏನೋ ಆಗಿದೆ ಅಂತ ಫೋನು ಹಿಡಿದು ಕೂರುವವನು.

ಜೂನ್ 20, ಗುರುವಾರ. ಡಿಪೋ

ಇವತ್ತು ಮೆಟ್ಟಿಲ ಮೇಲೆ ಹೆಂಡತಿ ತಡೆದು ನಿಲ್ಲಿಸಿದಳು.

"ನನ್ನ ಹತ್ರ ಮಾತೇ ಆಡ್ತಿಲ್ಲ ರೀ ಅವಳು. ಸಂಜೆಯೆಲ್ಲ ಬರೀ ತಲೆ ಆಡಿಸ್ತಾಳೆ. ಏನ್ ಹೇಳಿದ್ರಿ ಅವಳಿಗೆ?"

"ನಾನೇನ್ ಹೇಳ್ಲಿ? ಬೆಳಿಗ್ಗೆ ನನ್ನ ಜೊತೆ ಮಾತಾಡಿ ಮಾತಾಡಿ ಸುಸ್ತಾಗಿರುತ್ತೆ ಪಾಪ."

ಬೆಳಗಿನಿಂದ ಆಸ್ಪತ್ರೆಯಲ್ಲಿ ಮುದುಕರ ಮಂಡಿ, ಮುರಿದ ಭುಜ ತಿರುಗಿಸಿ ವ್ಯಾಯಾಮ ಮಾಡಿಸಿ ಬಂದಿರುತ್ತಾಳೆ. ಮುಖ ಬಾಡಿತ್ತು. ನನಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಆದರೆ ಅದಕ್ಕೂ ಮೊದಲು ಒಂದು ಚೂರು ಹೆಮ್ಮೆ ಬಂತು. ಮಗಳು ನನ್ನ ಹತ್ತಿರ ಮಾತಾಡುತ್ತಾಳೆ, ನನ್ನ ಹತ್ತಿರ ಮಾತ್ರ. ಯಾರೂ ಓದದ ಪುಸ್ತಕ ಇದು, ಅದಕ್ಕೇ ಇದನ್ನು ಬರೆದಿದ್ದೇನೆ.

ಜೂನ್ 24, ಸೋಮವಾರ. ಮಧ್ಯಾಹ್ನ 12.15

ನಿನ್ನೆ ಭಾನುವಾರ ಮೂವರೂ ಪಾರ್ಕಿಗೆ ಹೋಗಿದ್ದೆವು. ಚಿನಕುರಳಿ ಮಂಕಾಗಿದ್ದಳು. ಉಯ್ಯಾಲೆ ಎಷ್ಟು ಜೋರಾಗಿ ತಳ್ಳಿದರೂ ಕಿರುಚಲಿಲ್ಲ, ತುಟಿ ಬಿಗಿ ಹಿಡಿದು ಕೂತಿದ್ದಳು. ಮನೆಗೆ ಬಂದು ಜ್ವರ ನೋಡಿದೆವು, ಇರಲಿಲ್ಲ. ಗಂಟಲು ನೋಡಿದೆವು, ಚೆನ್ನಾಗೇ ಇತ್ತು.

ಇವತ್ತು ಹಸಿರು ಹೊತ್ತಿಗೆ ಉಯ್ಯಾಲೆಯ ಕಥೆಯೆಲ್ಲ ಹೊರಬಂತು. ಆಕಾಶ ಹೇಗೆ ಮುಂದೆ ಬಂದು ಹಿಂದೆ ಹೋಯಿತು, ಹೊಟ್ಟೆಯಲ್ಲಿ ಏನು ಜಾರಿತು, ಇನ್ನೊಂದು ಹುಡುಗಿಯ ಚಪ್ಪಲಿ ಎಲ್ಲಿ ಬಿತ್ತು… ಒಂದೇ ಉಸಿರಿಗೆ.

"ಇದನ್ನೆಲ್ಲ ನಿನ್ನೇನೇ ಹೇಳ್ಬಹುದಿತ್ತಲ್ಲ ಕಂದಾ? ಅಮ್ಮನೂ ಕೇಳಿಸ್ಕೋತಿದ್ಳು."

ಗಡಿಯಾರ ನೋಡಿದಳು. ಮುಳ್ಳು ಆರಕ್ಕೆ ಬಂದಿತ್ತು. ಪೆನ್ಸಿಲ್ ಎತ್ತಿಕೊಂಡು ಚಿತ್ರ ಬರೆಯಲು ಕೂತಳು.

ಏನೋ ಸರಿಯಿಲ್ಲ. ಏನು ಅಂತ ಕೈಗೆ ಸಿಗುತ್ತಿಲ್ಲ.

ಜೂನ್ 27, ಗುರುವಾರ. ಮಧ್ಯಾಹ್ನ 1.00

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಬರವಣಿಗೆಯ ನಡುವೆ ಬಚ್ಚಲಿಗೆ ಹೋದಳು. ಬಾಗಿಲು ಬಡಿದ ಸದ್ದು ಕೇಳಿಸಿತ್ತು. ಗಾಳಿ ಅಂದುಕೊಂಡೆ. ಬಂದು ಕೂತಳು, ಎಡಗೈ ತೊಡೆಯ ಕೆಳಗೆ. ಬಲಗೈಯಲ್ಲಿ ಬರೆದಳು. ಎರಡು ಸಾಲು. ಕಣ್ಣು ಒದ್ದೆ ಇದ್ದ ಹಾಗಿತ್ತು. ಆಕಳಿಕೆ ಇರಬೇಕು ಅಂದುಕೊಂಡೆ. ಎಷ್ಟು ಅಂದುಕೊಳ್ಳುತ್ತೇನೆ ನಾನು!

ಹನ್ನೊಂದೂಕಾಲು ಆಯಿತು. ಕೈ ಹೊರಗೆ ತೆಗೆದಳು.

"ಅಪ್ಪ, ಬೆರಳು ಬಾಗಿಲಿಗೆ ಸಿಕ್ತು."

ಉಗುರಿನ ಬುಡವೆಲ್ಲ ನೀಲಿ. ಬೆರಳು ಊದಿ ಎರಡರಷ್ಟಾಗಿತ್ತು. ಹೇಳಿದ ಮೇಲೆ ಅತ್ತಳು. ಹೇಳುವವರೆಗೆ ಅಳಲಿಲ್ಲ.

"ಆಗ್ಲೇ ಯಾಕೆ ಹೇಳ್ಲಿಲ್ಲ ಕಂದಾ? ಯಾಕೆ ಕೂಗ್ಲಿಲ್ಲ?"

ಅಳುತ್ತಲೇ ಎದ್ದು ಹೋದಳು. ಚಾರ್ಟಿನ ಮೇಲೆ ಆ ಊದಿದ ಬೆರಳನ್ನೇ ಇಟ್ಟಳು. "ಇದು ಬರವಣಿಗೆ." ಕೆಳಗೆ ಇಳಿಸಿ ಹಸಿರು ಬಣ್ಣದ ಮೇಲೆ ಇಟ್ಟಳು. "ಮಾತು ಇಲ್ಲಿದೆ."

ಸಂಜೆಗೆ ಬಾಕ್ಸೇ ಇಲ್ಲ. ಭಾನುವಾರ ರಜೆ. ಅಯ್ಯೋ ದೇವರೇ.

ಐಸ್ ಕಟ್ಟಿದ್ದೇನೆ. ಬೆರಳು ಮಡಚುತ್ತಾಳೆ, ಮೂಳೆಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಹೆಂಡತಿ ಬಂದು ನೋಡಿ ಹೇಳಲಿ. ಚಾರ್ಟ್ ಹರಿದು ಹಾಕಿದೆ. ಅವಳ ಮುಂದೆಯೇ ಹರಿದೆ. ಚೂರುಚೂರು ಮಾಡಿ ಬುಟ್ಟಿಗೆ ಹಾಕಿದೆ. "ಇನ್ಮೇಲೆ ಯಾವಾಗ ಬೇಕಾದ್ರೂ ಮಾತಾಡ್ಬಹುದು, ಆಯ್ತಾ?" ಅಂದೆ. ಬುಟ್ಟಿಯನ್ನೇ ನೋಡುತ್ತಿದ್ದಳು.

ಜೂನ್ 28, ಶುಕ್ರವಾರ. ಮಧ್ಯಾಹ್ನ 12.00

ನಿನ್ನೆ ಹೆಂಡತಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೆರಳು ಹಿಡಿದು ಹಿಂದೆ ಮುಂದೆ ಆಡಿಸಿ ನೋಡಿ, "ಮುರಿದಿಲ್ಲ" ಅಂದಳು. ಆಮೇಲೆ ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಇವತ್ತು ಹನ್ನೊಂದೂಕಾಲಿಗೆ ಚಿನಕುರಳಿ ಗೋಡೆಯ ಮುಂದೆ ನಿಂತಳು. ಅಂಟಿನ ಗುರುತು ನಾಲ್ಕು ಮೂಲೆಗೆ ಉಳಿದಿದೆ. ನಡುವಿನಲ್ಲಿ ಏನೂ ಇಲ್ಲ. ನಿಂತು ನೋಡಿದಳು. ನನ್ನನ್ನು ನೋಡಿದಳು. ಬಾಯಿ ತೆರೆಯಲಿಲ್ಲ.

ಇದ್ದ ಒಂದು ಕಾಲು ಗಂಟೆಯನ್ನೂ ಹರಿದು ಬುಟ್ಟಿಗೆ ಹಾಕಿಬಿಟ್ಟೆನಾ?

ಜುಲೈ 2, ಮಂಗಳವಾರ. ಡಿಪೋ

ಹೊಸ ಚಾರ್ಟ್ ಬರೆದೆ. ಬೆಳಿಗ್ಗೆ ಏಳುವುದರಿಂದ ಮಲಗುವವರೆಗೆ, ಸೋಮವಾರದಿಂದ ಭಾನುವಾರದವರೆಗೆ, ಪ್ರತಿ ಬಾಕ್ಸಿನಲ್ಲೂ ಹಸಿರು. ಪ್ರತಿಯೊಂದರಲ್ಲೂ ಮಾತು, ಮಾತು, ಮಾತು. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ?

ನೋಡಿದವಳೇ ಮೇಜಿನ ಕೆಳಗೆ ಹೋಗಿ ಕೂತು ಅತ್ತಳು. ಅಳುವಿಗೂ ದನಿ ಇಲ್ಲ. ಭುಜ ಮಾತ್ರ ಅಲ್ಲಾಡುತ್ತಿತ್ತು. ಹೆಂಡತಿ ಬಂದು ಗೋಡೆ ನೋಡಿದಳು.

"ಮಾಡಿದ್ದು ಸಾಲ್ದು ಅಂತ ಇನ್ನೊಂದಾ? ದಿನಾ ಇಪ್ಪತ್ನಾಲ್ಕು ಗಂಟೆ ಮಾತಾಡು ಅಂತ ಆರ್ಡರ್ ಹಾಕಿದ್ದೀರಲ್ರೀ ಮಗೂಗೆ!"

ಸ್ಟೂಲ್ ಹತ್ತಿ ಅವಳೇ ಕಿತ್ತಳು. ಬಿಸಾಡಲಿಲ್ಲ, ಮಡಚಿ ನನ್ನ ಊಟದ ಚೀಲಕ್ಕೆ ತುರುಕಿದಳು. ಇಲ್ಲಿ ಡಬ್ಬಿ ತೆಗೆಯುವಾಗ ಕೈಗೆ ಬಂತು. ಕಂಟ್ರೋಲರ್ ನೋಡಿದರು. ಇವತ್ತು ತಮಾಷೆ ಮಾಡಲಿಲ್ಲ.

ಇನ್ನು ಎರಡೇ ವಾರ.

ಜುಲೈ 9, ಮಂಗಳವಾರ

ಇಲ್ಲ.

ಜುಲೈ 12, ಶುಕ್ರವಾರ. ಬೆಳಿಗ್ಗೆ

ಇಲ್ಲ. ಡಾಕ್ಟರಿಗೆ ಫೋನು ಮಾಡಿದೆ. ತಾಳ್ಮೆ ಅಂದರು. ತಾಳ್ಮೆ ಎಷ್ಟು ದಿನ ಅಂತ ಕೇಳಿದೆ. "ನೋಡಿ, ಈ ಪ್ರಶ್ನೇನೇ ಬೇಡ ಅಂದಿದ್ದು" ಅಂದರು.

ಜುಲೈ 16, ಮಂಗಳವಾರ. ಮಧ್ಯಾಹ್ನ 3.00

ಮೇಡಂ ಬಂದು ಹೋದರು. ಹೆಂಡತಿಯೂ ರಜೆ ಹಾಕಿದ್ದಳು.

ಕೆಟ್ಟವರಲ್ಲ ಆಕೆ. ಒಳಗೆ ಬಂದವರೇ ಕುರ್ಚಿ ಬೇಡ ಅಂತ ನೆಲದ ಮೇಲೆ ಚಿನಕುರಳಿಯ ಪಕ್ಕ ಕೂತರು. ಅವಳು ಗುಂಡಿ ಎಣಿಸಿದಳು, ಬೆರಳಿನಲ್ಲಿ. ಮೇಡಂ ಹೇಳಿದ ವಾಕ್ಯಗಳನ್ನು ಪುಸ್ತಕದಲ್ಲಿ ಹುಡುಕಿ ತೋರಿಸಿದಳು. ಒಂದೂ ತಪ್ಪಲಿಲ್ಲ. ಗಡಿಯಾರ ಎಷ್ಟು ಅಂದರೆ ಬರೆದು ತೋರಿಸಿದಳು. ಓದು ಅಂದಾಗ ಮಾತ್ರ ತುಟಿ ಬಿಗಿಯಾಯಿತು. ಕುತ್ತಿಗೆಯ ನರ ಉಬ್ಬಿದ್ದು ಕಾಣಿಸುತ್ತಿತ್ತು. ನೋಡಲಾಗಲಿಲ್ಲ ನನಗೆ.

ಫೋನಿನಲ್ಲಿ ಹಳೇ ವಿಡಿಯೋ ಒಂದಿತ್ತು. ತಲೆ ಬಾಚುವಾಗ ಹೇನಿನ ಮನೆ ಎಲ್ಲಿ ಅಂತ ಅಮ್ಮನ ಹತ್ತಿರ ವಾದಿಸುವುದು. ತೋರಿಸಿದೆ. ಮೇಡಂ ನಕ್ಕರು.

"ಎಷ್ಟು ಚೆನ್ನಾಗಿ ಮಾತಾಡ್ತಾಳೆ! ಯಾವಾಗಿಂದು ಇದು?"

ಹೋದ ವಾರದ್ದು. ನಾಲಿಗೆಯ ತುದಿಗೆ ಬಂದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಚಿನಕುರಳಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಮೇ ತಿಂಗಳದ್ದು ಮೇಡಂ. ಈಗ ಮನೇಲೂ ನಿಂತಿದೆ. ನನ್ನಿಂದ."

ಚಾರ್ಟಿನ ವಿಷಯ ಹೇಳಿಬಿಟ್ಟೆ. ಹಸಿರು ಬಣ್ಣ, ಬಾಗಿಲಿಗೆ ಸಿಕ್ಕ ಬೆರಳು, ಎಲ್ಲ. ಆಕೆ ಪೆನ್ನಿಗೆ ಮುಚ್ಚಳ ಹಾಕಿದರು.

"ಓದು ಬರುತ್ತೆ ಇವಳಿಗೆ. ನಿಮ್ಮ ಪಾಠದಲ್ಲೂ ತಪ್ಪಿಲ್ಲ. ಆದ್ರೆ ಮನೇಲಿ ಮಾತಾಡ್ತಾಳೆ ಅಂತ ತಾನೇ ನಾವು ಒಪ್ಪಿದ್ದು? ಇಲ್ಲೂ ಇಲ್ಲ ಅಂದ್ರೆ ನಾನೇನ್ ಬರೀಲಿ ಹೇಳಿ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಆಗಸ್ಟ್ ಐದಕ್ಕೆ ಇನ್ನೊಂದ್ಸಲ ಬರ್ತೀನಿ. ನನ್ನ ಕೈಲಿ ಆಗೋದು ಅಷ್ಟೇ ಅಮ್ಮ."

ಆಕೆ ಹೋದ ಮೇಲೆ ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಆ ಸದ್ದಿನಲ್ಲಿ ಅಳುವುದು ಅವಳ ರೂಢಿ. ನಾನು ಒಳಗೆ ಹೋಗಲಿಲ್ಲ. ಹೋಗಬೇಕಿತ್ತು.

ಜುಲೈ 17, ಬುಧವಾರ. ಬೆಳಿಗ್ಗೆ 7.00

ಹೆಂಡತಿ ಹೊರಡುವ ಮುಂಚೆ ಎದುರಿಗೆ ನಿಂತು ಹೇಳಿದಳು.

"ಪಾಠ ಬೇಡ. ಪಟ್ಟಿ ಬೇಡ. ಇನ್ನೊಂದು, ಅವಳನ್ನ ಏನೂ ಕೇಳ್ಬೇಡಿ. ಒಂದು ಪ್ರಶ್ನೆ ಕೂಡ."

"ಅಂದ್ರೆ? ಹಸಿವಾ ಅಂತನೂ ಕೇಳ್ಬಾರ್ದಾ?"

"ಬಡಿಸಿ. ಹಸಿವಾದ್ರೆ ತಿಂತಾಳೆ."

ಜುಲೈ 19, ಶುಕ್ರವಾರ. ಮಧ್ಯಾಹ್ನ

ಪ್ರಶ್ನೆ ಇಲ್ಲದೆ ಮಗುವಿನ ಹತ್ತಿರ ಮಾತಾಡಿ ನೋಡಬೇಕು, ಆಗ ಗೊತ್ತಾಗುತ್ತದೆ. ನಿದ್ದೆ ಬಂತಾ, ಕೈ ತೊಳೆದ್ಯಾ, ಇದು ಯಾವ ಬಣ್ಣ, ಎಷ್ಟಾಯಿತು. ಆರು ವರ್ಷದಿಂದ ನಾನು ಇವಳನ್ನು ಪರೀಕ್ಷೆ ಮಾಡುತ್ತಲೇ ಇದ್ದೆನಾ? ಬೆಳಿಗ್ಗೆಯಿಂದ ನಾಲ್ಕು ಸಲ ನಾಲಿಗೆ ಕಚ್ಚಿಕೊಂಡೆ.

ಬೇರೇನೂ ತೋಚದೆ ಬಚ್ಚಲಿನ ನಲ್ಲಿ ರಿಪೇರಿಗೆ ಕೂತೆ. ನಲ್ಲಿಯನ್ನೇ ಬೈಯುತ್ತಿದ್ದೆ. "ಮುಂಡೇದೇ, ತಿರುಗೋಕೆ ಏನ್ ಧಾಡಿ ನಿಂಗೆ?" ಬೆನ್ನ ಹಿಂದೆ ಬಂದು ನಿಂತಿದ್ದಳು. ಸ್ಪ್ಯಾನರ್ ಕೊಟ್ಟಳು. ನಕ್ಕಳಾ? ತಿರುಗಿ ನೋಡಲಿಲ್ಲ. ನೋಡಿದರೆ ಅದೂ ಒಂದು ಪ್ರಶ್ನೆಯೇ.

ಜುಲೈ 29, ಸೋಮವಾರ. ಡಿಪೋ

ಹತ್ತು ದಿನ ಬರೆಯಲಿಲ್ಲ. ಬರೆಯಲು ಏನಿದೆ? ಬಟ್ಟೆ ಒಣಹಾಕಿದೆವು. ಕಿಟಕಿ ಒರೆಸಿದೆವು. ಈರುಳ್ಳಿ ಸಿಪ್ಪೆ ಸುಲಿದೆವು, ಇಬ್ಬರೂ ಅತ್ತೆವು, ಅದಕ್ಕೆ ಈರುಳ್ಳಿಯೇ ಕಾರಣ ಅಂತ ಇಟ್ಟುಕೊಳ್ಳೋಣ. ಮಾತಿಲ್ಲ.

ಆ ಶಾಲೆಯವರು ಫೋನು ಮಾಡಿದ್ದರು. ಜಾಗ ಇದೆಯಂತೆ. ಎಷ್ಟು ಜೊತೆ ಬಟ್ಟೆ ತರಬೇಕು, ಹೊದಿಕೆ ಯಾವ ಅಳತೆ, ಎಲ್ಲ ಹೇಳಿದರು. ಒಳ್ಳೆಯ ಜನವೇ ಇರಬೇಕು. ಅಲ್ಲಿ ಇವಳಿಗೆ ರಾತ್ರಿ ಹೊಟ್ಟೆ ನೋವು ಬಂದರೆ ಯಾರಿಗೆ ಹೇಳುತ್ತಾಳೆ? ಹೇಗೆ ಹೇಳುತ್ತಾಳೆ? ಇವತ್ತು ಎರಡು ಬಸ್ಸಿಗೆ ಒಂದೇ ಹೊತ್ತು ಹಾಕಿಬಿಟ್ಟೆ. ಕಂಟ್ರೋಲರ್ ಸದ್ದಿಲ್ಲದೆ ತಿದ್ದಿದರು.

ಆಗಸ್ಟ್ 3, ಶನಿವಾರ

ಸೋಮವಾರ ಮೇಡಂ ಬರುತ್ತಾರೆ. ನಿನ್ನೆ ಹೆಂಡತಿ ಹೊದಿಕೆ ತಂದಳು. ಚೀಲದಿಂದ ತೆಗೆಯಲೇ ಇಲ್ಲ, ಬೀರುವಿನ ಮೇಲೆ ಇಟ್ಟಿದ್ದಾಳೆ.

ಹಾಲು ಸ್ಟವ್ ಮೇಲಿದೆ. ಚಿನಕುರಳಿ ಅಡುಗೆಮನೆಯ ನೆಲದ ಮೇಲೆ ಚಿತ್ರ ಬರೆಯುತ್ತಿದ್ದಾಳೆ. ನಾನು ಇಲ್ಲಿ, ನಡುಮನೆಯ ಮೇಜಿನ ಮುಂದೆ. ಇಲ್ಲಿಂದ ಅವಳ ಪಾದ ಕಾಣುತ್ತದೆ, ಒಂದರ ಮೇಲೊಂದು. ಇಷ್ಟು ಸಾಕು ಅನ್ನಿಸುತ್ತದೆ ಒಮ್ಮೊಮ್ಮೆ. ಮಾತಾಡದಿದ್ದರೂ ಪರವಾಗಿಲ್ಲ, ಮನೆಯಲ್ಲಿರಲಿ, ಕಣ್ಣೆದುರಿಗಿರಲಿ. ಮೇಡಂ ಮುಂದೆ ಹಾಗೇ ಹೇಳುತ್ತೇನೆ. ಕಾಲಿಗೆ ಬೇಕಾದರೂ ಬೀಳುತ್ತೇನೆ. ನನ್ನ ತಪ್ಪಿಗೆ ಮಗುವನ್ನು ದೂರ ಕಳಿಸಬೇಡಿ ಅಂತ. ಹೇಗೆ ಶುರು ಮಾಡುವುದು? ಮೊದಲು ಡಾಕ್ಟರ್ ಹೇಳಿದ್ದನ್ನು ಹೇಳಬೇಕು. ಆಮೇಲೆ ಗುಂಡಿ ಎಣಿಸುವುದು ಇಪ್ಪತ್ತರಿಂದ ಐವತ್ತಕ್ಕೆ ಹೋಗಿದೆ ಅನ್ನುವುದನ್ನು. ಆಮೇಲೆ ಹೆಂಡತಿ ಹೇಳಲಿ, ಅವಳು ಅಳದೆ ಹೇಳುತ್ತಾಳೆ, ನನಗಾದರೆ

ಅಪ್ಪಾ ಅಂದ ಹಾಗಾಯಿತು.

ಪಕ್ಕದ ಮನೆ ಇರಬೇಕು.

ಅಲ್ಲ. "ಅಪ್ಪಾ, ಹಾಲು!" ಅಂದಳು. ಇದೇ ಮನೆ. ನನ್ನ ಅಡುಗೆಮನೆ. ದನಿ ಒಡೆದಿದೆ, ಕೆಮ್ಮಿನ ಹಾಗೆ. ಏಳಬಾರದು. ಎದ್ದರೆ ನಿಲ್ಲಿಸಿಬಿಟ್ಟರೆ? ಉಕ್ಕಲಿ, ಎಲ್ಲ ಉಕ್ಕಿ ಹೋಗಲಿ. "ಅಪ್ಪಾ, ಉಕ್ತಾ ಇದೆ! ಬರ್ಕೊಂಡೇ ಕೂತಿದ್ದೀಯಲ್ಲ, ಕಿವಿ ಕೇಳ್ಸಲ್ವಾ ನಿಂಗೆ?" ಬೈಯುತ್ತಿದ್ದಾಳೆ. ಅವಳಮ್ಮ ಬೈಯುವ ಹಾಗೇ ಬೈಯುತ್ತಿದ್ದಾಳೆ ನನ್ನನ್ನು. ಇನ್ನೂ ಬೈಯಲಿ. ಸೀದ ವಾಸನೆ ಇಲ್ಲಿಗೂ ಬಂತು. "ಇರು, ನಾನೇ ಆರಿಸ್ತೀನಿ" ಅಂತಿದ್ದಾಳೆ, ಸ್ಟೂಲ್ ಎಳೆಯುವ ಸದ್ದು, ಬೇಡ ಕಂದಾ, ಸ್ಟವ್ ಹತ್ರ ಹೋಗ್ಬೇ